ಹೊಸ ಆವೃತ್ತಿ, ಹಳೆಯ ಪ್ಲಗಿನ್: ಅಪ್‌ಗ್ರೇಡ್‌ಗೆ ಮುನ್ನ ಓದಬೇಕಾದ ಸಾಲುಗಳು

(ಮಂಗಳೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಕಿರಿಯ ಪ್ರೋಗ್ರಾಮರ್‌ಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರಾವರ್ತನೆಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಸುರತ್ಕಲ್, ದೇರಳಕಟ್ಟೆ, ನಿಟ್ಟೆ, ಮಣಿಪಾಲದಿಂದ ಬಸ್ಸು ಹಿಡಿದು ಬಂದಿದ್ದೀರಿ. ಪೀಠಿಕೆ ಬೇಡ, ವಿಷಯಕ್ಕೆ ಬರುತ್ತೇನೆ.

ಫೈನಲ್ ಇಯರ್ ಪ್ರಾಜೆಕ್ಟಿನ ಕಾಲ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತದೆ: "ಸರ್, ಮೊನ್ನೆವರೆಗೆ ಸರಿ ಓಡ್ತಿತ್ತು. ಅಪ್‌ಡೇಟ್ ಕೊಟ್ಟೆ. ಈಗ ಇಡೀ ಪ್ರಾಜೆಕ್ಟ್ ಕೆಂಪು." ಕೋಡಿನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಆದರೂ ಆ ಹುಡುಗನೋ ಹುಡುಗಿಯೋ ನಿದ್ದೆಗೆಟ್ಟು ಒದ್ದಾಡಿ, ಕೊನೆಗೆ "ನನಗೆ ಈ ಕೋಡಿಂಗ್ ಆಗಿಬರುವುದಿಲ್ಲ" ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ನನಗೆ ಸಂಕಟವಾಗುವುದು ಆ ತೀರ್ಮಾನ ಕೇಳಿದಾಗ. ತಪ್ಪಿದೆ ಎಂದು ತೋರಿಸುವ ಆ ಕೆಂಪು ಗೆರೆಗಳಿಗೂ ಅವರ ಬುದ್ಧಿವಂತಿಕೆಗೂ ಯಾವ ಸಂಬಂಧವೂ ಇಲ್ಲ. ಅಪ್‌ಗ್ರೇಡ್ ಆದ ಮೇಲೆ ಮುರಿದಿರುವುದು ಹೆಚ್ಚಿನ ಸಲ ಎರಡು ತಂತ್ರಾಂಶಗಳ ನಡುವಿನ ಒಂದು ಕರಾರು. ಆ ಕರಾರು ಎಲ್ಲೋ ಒಂದು ಕಡೆ ಬರೆದಿರುತ್ತದೆ. ಅದು ಎಲ್ಲಿರುತ್ತದೆ, ಅದನ್ನು ಓದುವುದು ಹೇಗೆ, ನಮ್ಮ ಪ್ರಾಜೆಕ್ಟಿನ ಕರಾರನ್ನು ನಾವೇ ಬರೆದಿಡುವುದು ಹೇಗೆ, ಇವತ್ತಿನ ಮಾತು ಇಷ್ಟೇ.

ಇಲ್ಲಿ ಹಂಚಿನ ಮನೆಯಲ್ಲಿ ಬೆಳೆದವರು ತುಂಬ ಮಂದಿ ಇದ್ದೀರಿ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾಯಿತು, ಆಮೇಲೆ ಊರಲ್ಲಿ ಹಲವು ಕಾರ್ಖಾನೆಗಳು ಬಂದವು. ನೋಡಲು ಎಲ್ಲ ಹಂಚೂ ಒಂದೇ. ಆದರೆ ಮಾಡಿನಲ್ಲಿ ಒಂದು ಹಂಚು ಒಡೆದಾಗ ಬೇರೆ ಕಾರ್ಖಾನೆಯದನ್ನು ತಂದು ಇಟ್ಟರೆ ಪಕ್ಕದ ಹಂಚಿನ ಕಾಲುವೆಗೆ ಅದು ಸರಿಯಾಗಿ ಕೂರುವುದಿಲ್ಲ, ಅಲ್ಲಿಂದಲೇ ನೀರು ಸೋರುತ್ತದೆ. ಹೊಸ ಹಂಚಿನಲ್ಲಿ ದೋಷವಿಲ್ಲ, ಹಳೆಯ ಹಂಚಿನಲ್ಲೂ ದೋಷವಿಲ್ಲ. ರೀಪಿನ ಅಂತರ, ಕಾಲುವೆಯ ಆಳ, ಕೂರುವ ಅಂಚು, ಇವು ಒಂದಕ್ಕೊಂದು ಒಪ್ಪಿದ್ದರೆ ಮಾತ್ರ ಮಾಡು ಮಾಡಾಗುತ್ತದೆ. ಹಾಗಾಗಿಯೇ ಹಳೆ ಮನೆ ಕೆಡವುವಾಗ ಅದೇ ಮುದ್ರೆಯ ಹಂಚುಗಳನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ತಂತ್ರಾಂಶದ ಕತೆಯೂ ಇದೇ. ಕೋಡ್ ಬರೆದು ಓಡಿಸುವ ತಂತ್ರಾಂಶಗಳಿಗೆ, ಅಂದರೆ ಐಡಿಇಗಳಿಗೆ, ಎಕ್ಲಿಪ್ಸ್, ಇಂಟೆಲಿಜೆ, ವಿಎಸ್ ಕೋಡ್ ಎಂದು ನಾವು ಒಂದೊಂದು ಹೆಸರು ಹೇಳಿದರೂ ಅದರೊಳಗೆ ಕನಿಷ್ಠ ಐದಾರು ಪದರಗಳಿವೆ. ಕೆಳಗೆ ಆಪರೇಟಿಂಗ್ ಸಿಸ್ಟಮ್ ಮತ್ತು ಅದರ ಲೈಬ್ರರಿಗಳು. ಅದರ ಮೇಲೆ ಆ ಐಡಿಇ ಓಡಲು ಬೇಕಾದ ರನ್‌ಟೈಮ್. ನಂತರ ಐಡಿಇ, ಅದಕ್ಕೆ ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್‌ಗಳು, ಕೋಡನ್ನು ಕಂಪೈಲ್ ಮಾಡಿಸಿ ಜೋಡಿಸುವ ಮೇವನ್, ಗ್ರೇಡಲ್‌ನಂಥ ಬಿಲ್ಡ್ ಟೂಲ್, ಕೊನೆಗೆ ನಿಮ್ಮ ಪ್ರಾಜೆಕ್ಟ್ ಕೇಳುವ ಜೆಡಿಕೆ (ಜಾವಾ ಪ್ರೋಗ್ರಾಮ್ ತಯಾರಿಸುವ ಸಲಕರಣೆಗಳ ಕಟ್ಟು) ಮತ್ತು ಲೈಬ್ರರಿಗಳು. ಒಂದೊಂದನ್ನೂ ಬೇರೆ ಬೇರೆ ಜನ ಮಾಡುತ್ತಾರೆ, ಬೇರೆ ಬೇರೆ ಕ್ಯಾಲೆಂಡರಿನಲ್ಲಿ ಬಿಡುಗಡೆ ಮಾಡುತ್ತಾರೆ. ಎಕ್ಲಿಪ್ಸ್ 2006ರ ಕ್ಯಾಲಿಸ್ಟೊದಿಂದ 2018ರ ಫೋಟಾನ್ ತನಕ ವರ್ಷಕ್ಕೊಂದು ದೊಡ್ಡ ಬಿಡುಗಡೆ ಮಾಡುತ್ತಿತ್ತು. 2018ರ ಸೆಪ್ಟೆಂಬರಿನಿಂದ ಮೂರು ತಿಂಗಳಿಗೊಂದು. ಜಾವಾ 2017ರ ನಂತರ ಆರು ತಿಂಗಳಿಗೊಂದು. ವಿಎಸ್ ಕೋಡ್ ಅದಕ್ಕಿಂತಲೂ ಬೇಗ ಬೇಗ. ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಒಂದು ಪ್ಲಗಿನ್ ನೋಡಿಕೊಳ್ಳುವ ಒಬ್ಬ ವ್ಯಕ್ತಿ ಈ ಎಲ್ಲ ಕ್ಯಾಲೆಂಡರುಗಳ ಹಿಂದೆ ಓಡಬೇಕು. ಪ್ಲಗಿನ್ ಕೆಲಸ ಮಾಡಲಿಲ್ಲವೆಂದು ಅದರ ಪುಟದಲ್ಲಿ ಬೈಗುಳ ಬರೆಯುವ ಮೊದಲು ದಯವಿಟ್ಟು ಅವರನ್ನು ನೆನಪಿಸಿಕೊಳ್ಳಿ.

ಕರಾರು ಎಲ್ಲಿ ಬರೆದಿರುತ್ತದೆ? ಎಕ್ಲಿಪ್ಸ್ 2004ರ 3.0 ಆವೃತ್ತಿಯಿಂದ ಓಎಸ್‌ಜಿಐ ಎಂಬ ವ್ಯವಸ್ಥೆಯ ಮೇಲೆ ನಿಂತಿದೆ. ಅಲ್ಲಿ ಪ್ರತಿ ಪ್ಲಗಿನ್ ತನಗೆ ಬೇಕಾದ ಇನ್ನೊಂದು ಪ್ಲಗಿನ್ನಿನ ಹೆಸರಿನ ಜತೆ ಆವೃತ್ತಿಯ ವ್ಯಾಪ್ತಿಯನ್ನೂ ಬರೆಯಬಹುದು. ಚೌಕ ಆವರಣದಲ್ಲಿ 3.20 ಎಂದು ಶುರುವಾಗಿ 4.0 ಎಂಬಲ್ಲಿ ದುಂಡು ಆವರಣದಿಂದ ಮುಗಿದರೆ, 3.20 ಸೇರಿ ಅಲ್ಲಿಂದ ಮೇಲೆ, 4.0 ಮತ್ತು ಅದರಾಚೆಯವು ಹೊರಗೆ ಎಂದರ್ಥ. ಬರೀ 3.20 ಎಂದು ಬರೆದು ಬಿಟ್ಟರೆ? ಅಲ್ಲಿಂದ ಮುಂದೆ ಯಾವುದಾದರೂ ಆದೀತು ಎಂದರ್ಥ. ಇನ್ನೂ ಹುಟ್ಟದ ಆವೃತ್ತಿಗೂ ಹೊಂದುತ್ತೇನೆ ಎಂದು ಮಾತು ಕೊಟ್ಟ ಹಾಗಾಯಿತು. ಅಂಥ ಮಾತನ್ನು ಯಾರೂ ಕೊಡಲಾರರು, ಆದರೂ ಸಾವಿರಾರು ಪ್ಲಗಿನ್‌ಗಳಲ್ಲಿ ಹಾಗೇ ಇದೆ. ಇನ್‌ಸ್ಟಾಲ್ ಮಾಡುವಾಗ ಎಕ್ಲಿಪ್ಸ್ "ಬೇಕಾದ ಒಂದು ಅಥವಾ ಹೆಚ್ಚು ಅಂಶಗಳು ಸಿಗಲಿಲ್ಲ" ಎಂದು ದೊಡ್ಡ ಪೆಟ್ಟಿಗೆ ತುಂಬ ಎರರ್ ಕೊಡುತ್ತದೆ. ಮೊದಲ ಸಾಲು ಓದಿ ನಾವು ಪೆಟ್ಟಿಗೆ ಮುಚ್ಚುತ್ತೇವೆ. ಕೆಳಗಿನ ಸಾಲುಗಳಿಗೆ ಇಳಿಯಿರಿ. ಯಾವ ಪ್ಲಗಿನ್ ಯಾವುದನ್ನು, ಯಾವ ವ್ಯಾಪ್ತಿಯಲ್ಲಿ ಕೇಳುತ್ತಿದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಇರುತ್ತದೆ.

ಇಂಟೆಲಿಜೆಯಲ್ಲಿ ಪ್ಲಗಿನ್ ತನ್ನ ಮೊದಲ ಬಿಲ್ಡ್ ಸಂಖ್ಯೆ ಮತ್ತು ಕೊನೆಯ ಬಿಲ್ಡ್ ಸಂಖ್ಯೆಯನ್ನು ಹೇಳುತ್ತದೆ. 2023.1 ಆವೃತ್ತಿಗೆ 231, 2023.2ಕ್ಕೆ 232. ಕೊನೆಯದು 231 ಎಂದು ಬರೆದ ಪ್ಲಗಿನ್ನನ್ನು 232 ಒಳಗೆ ಬಿಟ್ಟುಕೊಳ್ಳುವುದಿಲ್ಲ. ವಿಎಸ್ ಕೋಡ್‌ನಲ್ಲಿ ಪ್ಲಗಿನ್‌ಗೆ ಎಕ್ಸ್‌ಟೆನ್ಶನ್ ಎನ್ನುತ್ತಾರೆ, ಅವು ತಮ್ಮ ಪ್ಯಾಕೇಜ್ ಫೈಲಿನಲ್ಲಿ ಕನಿಷ್ಠ ಆವೃತ್ತಿ ಬರೆಯುತ್ತವೆ. ಆದರೆ ವಿಎಸ್ ಕೋಡ್ ವರ್ಷಗಳಿಂದ 1ರಲ್ಲೇ ಇದ್ದು ಚುಕ್ಕಿಯ ಮುಂದಿನ ಸಂಖ್ಯೆಯನ್ನಷ್ಟೇ ಏರಿಸುತ್ತಿರುವುದರಿಂದ ಅಲ್ಲಿ ಮೇಲ್ಮಿತಿ ಹೆಸರಿಗೆ ಮಾತ್ರ.

ಈಗ ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವ ಜಾಗಕ್ಕೆ ಬರೋಣ. ಎಕ್ಲಿಪ್ಸ್‌ನಲ್ಲಿ ಎರಡು ಜಾವಾ ಇವೆ: ಎಕ್ಲಿಪ್ಸ್ ತಾನು ಓಡಲು ಬಳಸುವುದು ಒಂದು, ನಿಮ್ಮ ಪ್ರಾಜೆಕ್ಟ್ ಕಂಪೈಲ್ ಆಗಿ ಓಡುವುದು ಇನ್ನೊಂದು. 2020ರ ಸೆಪ್ಟೆಂಬರ್ ಆವೃತ್ತಿಯಿಂದ ಎಕ್ಲಿಪ್ಸ್ ಶುರುವಾಗಲು ಜಾವಾ 11 ಬೇಕಾಯಿತು, ಆಮೇಲೆ 17, 2024ರ ಸೆಪ್ಟೆಂಬರಿನಿಂದ 21. ಇದನ್ನು ಕೇಳಿದ ಕೂಡಲೇ ಎಷ್ಟೋ ಮಂದಿ ತಮ್ಮ ಪ್ರಾಜೆಕ್ಟನ್ನೂ ಅದೇ ಜಾವಾಕ್ಕೆ ಏರಿಸಲು ಹೊರಡುತ್ತಾರೆ. ಬೇಕಾಗಿಯೇ ಇಲ್ಲ. ಈಗಿನ ಎಕ್ಲಿಪ್ಸ್ ಪ್ಯಾಕೇಜುಗಳು ತಮ್ಮದೇ ಜಾವಾವನ್ನು ಜತೆಗೇ ತರುತ್ತವೆ. ನಿಮ್ಮ ಪ್ರಾಜೆಕ್ಟಿನ ಜಾವಾವನ್ನು ಪ್ರೆಫರೆನ್ಸಸ್‌ನಲ್ಲಿ ಬೇರೆಯಾಗಿ ಸೇರಿಸಿ, ಪ್ರಾಜೆಕ್ಟಿಗೆ ಅದನ್ನೇ ತೋರಿಸಿ, ಅಷ್ಟೇ. ಐಡಿಇ ಬೇರೊಂದು ಜಾವಾದಲ್ಲಿ ಓಡಬೇಕೆಂದಿದ್ದರೆ ಎಕ್ಲಿಪ್ಸ್ ಫೋಲ್ಡರಿನಲ್ಲಿರುವ ಐಎನ್‌ಐ ಫೈಲಿನಲ್ಲಿ ವಿಎಮ್ ಎಂಬ ಸಾಲು ಒಂದು, ಅದರ ಕೆಳಗೆ ಜಾವಾದ ದಾರಿ ಇನ್ನೊಂದು ಸಾಲಿನಲ್ಲಿ. ಇವೆರಡೂ ವಿಎಮ್‌ಆರ್ಗ್ಸ್ ಎಂಬ ಸಾಲಿಗಿಂತ ಮೇಲೆ ಇರಬೇಕು. ಅದರ ಕೆಳಗೆ ಬರೆದದ್ದೆಲ್ಲ ಜಾವಾಕ್ಕೆ ಹೋಗುತ್ತದೆ, ಎಕ್ಲಿಪ್ಸ್ ಅದನ್ನು ನೋಡುವುದೇ ಇಲ್ಲ.

ಎರರಿನಲ್ಲಿ ಬರುವ ಒಂದು ಸಂಖ್ಯೆಯನ್ನೂ ಓದಲು ಕಲಿಯಿರಿ. ಕಂಪೈಲ್ ಆಗಿ ಹುಟ್ಟುವ ಕ್ಲಾಸ್ ಫೈಲಿನಲ್ಲಿ ಅದು ಯಾವ ಜಾವಾದ್ದು ಎಂದು ಹೇಳುವ ಸಂಖ್ಯೆ ಇರುತ್ತದೆ. "ಕ್ಲಾಸ್ ಫೈಲ್ ಮೇಜರ್ ವರ್ಷನ್ 65" ಎಂದು ಗ್ರೇಡಲ್ ಹೇಳಿದರೆ 65ರಿಂದ 44 ಕಳೆಯಿರಿ, 21 ಬಂತು. ಅಂದರೆ ಜಾವಾ 21ರಲ್ಲಿ ಹುಟ್ಟಿದ್ದನ್ನು ಓದಲು ನಿಮ್ಮ ಗ್ರೇಡಲ್‌ಗೆ ಗೊತ್ತಿಲ್ಲ. ಜಾವಾ 21ರ ಮೇಲೆ ಓಡಲು ಗ್ರೇಡಲ್ 8.5 ಬೇಕು, ಜಾವಾ 17ಕ್ಕೆ 7.3. 52 ಎಂದರೆ ಜಾವಾ 8, 61 ಎಂದರೆ 17. ಈ ಕಳೆಯುವ ಲೆಕ್ಕ ಗೊತ್ತಿದ್ದರೆ ಎಷ್ಟೋ ಗಂಟೆ ಉಳಿಯುತ್ತದೆ.

ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನ ಪ್ರಾಜೆಕ್ಟ್, ಅದರಲ್ಲಿ ಲೊಂಬೊಕ್ ಎಂಬ ಲೈಬ್ರರಿ. ಒಂದೊಂದು ಮೌಲ್ಯವನ್ನು ಓದುವ, ಬದಲಿಸುವ ಗೆಟರ್ ಸೆಟರ್ ಮೆಥಡ್‌ಗಳನ್ನು ಬರೆಯುವ ಕೆಲಸ ತಪ್ಪಿಸುತ್ತದೆ ಎಂದು ಎಲ್ಲರೂ ಹಾಕುತ್ತೀರಿ. ವಿದ್ಯಾರ್ಥಿನಿಯೊಬ್ಬಳು ಹೊಸ ಎಕ್ಲಿಪ್ಸ್ ಇಳಿಸಿಕೊಂಡು ಹಳೆಯ ಪ್ರಾಜೆಕ್ಟ್ ತೆರೆಯುತ್ತಾಳೆ. ಗೆಟರ್ ಕರೆದ ಜಾಗದಲ್ಲೆಲ್ಲ ಕೆಂಪು, "ಇಂಥ ಮೆಥಡ್ ಇಲ್ಲ". ಟರ್ಮಿನಲ್ ತೆರೆದು ಮೇವನ್ ಓಡಿಸಿದರೆ ಬಿಲ್ಡ್ ಸಕ್ಸೆಸ್! ಒಂದೇ ಕೋಡ್, ಎರಡು ತೀರ್ಪು. ಯಾವುದು ನಿಜ?

ಎರಡೂ ನಿಜ. ಮೇವನ್ ಬಳಸುವುದು ಜೆಡಿಕೆಯ ಜಾವಾಸಿ ಕಂಪೈಲರ್. ಎಕ್ಲಿಪ್ಸ್‌ಗೆ ತನ್ನದೇ ಕಂಪೈಲರ್ ಇದೆ. ಲೊಂಬೊಕ್ ಈ ಎರಡರ ಒಳಗೂ ಕೈಹಾಕಿ, ನೀವು ಬರೆಯದ ಮೆಥಡ್‌ಗಳನ್ನು ಸೇರಿಸುತ್ತದೆ. ಜಾವಾ 22ರ ತನಕದ ಮೇವನ್ ಬಿಲ್ಡಿನಲ್ಲಿ ಅದನ್ನು ಡಿಪೆಂಡೆನ್ಸಿಯಾಗಿ ಸೇರಿಸಿದ್ದರೆ ಸಾಕು. ಎಕ್ಲಿಪ್ಸ್ ಒಳಗೆ ಹೋಗಬೇಕಾದರೆ ಅದೇ ಐಎನ್‌ಐ ಫೈಲಿನಲ್ಲಿ ಲೊಂಬೊಕ್‌ನ ಜಾರ್ ಅನ್ನು ಜಾವಾ ಏಜೆಂಟ್ ಎಂದು ಹೇಳುವ ಒಂದು ಸಾಲು ಬೇಕು. ಲೊಂಬೊಕ್ ಇನ್‌ಸ್ಟಾಲರ್ ಓಡಿಸಿದಾಗ ಆ ಸಾಲು ಸೇರಿಕೊಂಡಿತ್ತು. ಹೊಸ ಎಕ್ಲಿಪ್ಸ್ ಬಿಚ್ಚಿದಾಗ ಬಂದದ್ದು ಹೊಸ ಐಎನ್‌ಐ ಫೈಲ್, ಅದರಲ್ಲಿ ಆ ಸಾಲಿಲ್ಲ. ಇನ್ನೊಬ್ಬ ವಿದ್ಯಾರ್ಥಿ ಹೊಸದಾಗಿ ಬಿಚ್ಚದೆ, ಇದ್ದ ಎಕ್ಲಿಪ್ಸನ್ನೇ ಅಪ್‌ಡೇಟ್ ಮಾಡಿದ್ದಾನೆ ಎನ್ನಿ. ಅವನಲ್ಲಿ ಸಾಲು ಉಳಿದಿದೆ, ಜಾರ್ ಮಾತ್ರ ಹಳೆಯದು, ಹೊಸ ಕಂಪೈಲರಿನ ಒಳಗು ಅದಕ್ಕೆ ಗೊತ್ತಿಲ್ಲ. ಇಬ್ಬರ ಪರದೆಯಲ್ಲೂ ಕೆಂಪು ಒಂದೇ, ಕಾರಣ ಬೇರೆ, ಮದ್ದೂ ಬೇರೆ. "ಎಲ್ಲವನ್ನೂ ತೆಗೆದು ಮತ್ತೆ ಹಾಕು" ಎಂಬ ಹಾಸ್ಟೆಲ್ ಸಲಹೆ ಒಬ್ಬಳಿಗೆ ಉಪಕಾರವಾಗದು, ಇನ್ನೊಬ್ಬನಿಗೆ ಆಕಸ್ಮಿಕವಾಗಿ ಆದೀತು.

ಲೊಂಬೊಕ್‌ನ ಕತೆಗೆ ಇನ್ನೊಂದು ಮಗ್ಗುಲಿದೆ. ಅದು ಕೈಹಾಕುವುದು ಕಂಪೈಲರಿನ ಒಳಕೋಣೆಗೆ, ಹೊರಗಿನವರಿಗೆಂದು ತೆರೆದಿಟ್ಟ ಜಾಗಕ್ಕಲ್ಲ. 2017ರ ಸೆಪ್ಟೆಂಬರಿನಲ್ಲಿ ಜಾವಾ 9 ಬಂದಾಗ ಮಾಡ್ಯೂಲ್ ವ್ಯವಸ್ಥೆ ಬಂತು, ಒಳಕೋಣೆಗಳಿಗೆ ಬಾಗಿಲು ಹಾಕುವ ಉದ್ದೇಶ ಸ್ಪಷ್ಟವಾಯಿತು. ಕೂಡಲೇ ಹಾಕಲಿಲ್ಲ. ಯಾವುದೇ ಲೈಬ್ರರಿ ಹಾಗೆ ಒಳನುಗ್ಗಿದಾಗ "ಅಕ್ರಮ ಪ್ರವೇಶ, ಮುಂದೆ ಇದಕ್ಕೆ ಅವಕಾಶ ಇರುವುದಿಲ್ಲ" ಎಂಬ ಎಚ್ಚರಿಕೆಯನ್ನು ಕನ್ಸೋಲಿನಲ್ಲಿ ಕೊಡುತ್ತಾ ಬಂತು. 2021ರ ಮಾರ್ಚಿನ ಜಾವಾ 16ರಲ್ಲಿ ಬಾಗಿಲು ಹಾಕಿತು, ಅದೇ ಸೆಪ್ಟೆಂಬರಿನ 17ರಲ್ಲಿ ಅದಕ್ಕೆ ಬೀಗವನ್ನೂ ಜಡಿಯಿತು. ಹಳೆಯ ಲೊಂಬೊಕ್ ಇಟ್ಟುಕೊಂಡವರ ಬಿಲ್ಡ್ ಅಂದೇ ನಿಂತಿತು. 1.18.20ರಲ್ಲಿ ಜಾವಾ 16ಕ್ಕೆ, 1.18.30ರಲ್ಲಿ ಜಾವಾ 21ಕ್ಕೆ ಲೊಂಬೊಕ್ ಹೊಂದಿಕೊಂಡಿತು. ಜಾವಾ 9ರಿಂದ 16ರ ವರೆಗೆ ಮೂರೂವರೆ ವರ್ಷ. ಅಷ್ಟು ಕಾಲ ಎಚ್ಚರಿಕೆ ಪರದೆಯ ಮೇಲೆ ಇತ್ತು, ನಾವೆಲ್ಲ ಅದನ್ನು ಮೇಲಕ್ಕೆ ಸರಿಸಿ ಕೆಲಸ ಮುಂದುವರಿಸಿದೆವು. ಹಳದಿ ಎಚ್ಚರಿಕೆಗಳು ಮುಂದಿನ ಅಪ್‌ಗ್ರೇಡ್‌ನ ಕೆಂಪು ಗೆರೆಗಳು. ಓದಿ, ದಿನಾಂಕ ಹಾಕಿ ಬರೆದಿಡಿ.

ಇದಕ್ಕೆ ಹೈರಮ್ ರೈಟ್ ಎಂಬ ಇಂಜಿನಿಯರ್ ಹೆಸರಿನಲ್ಲಿ ಒಂದು ನಿಯಮವೇ ಇದೆ: ಬಳಸುವವರ ಸಂಖ್ಯೆ ಸಾಕಷ್ಟು ದೊಡ್ಡದಾದರೆ, ನೀವು ಕರಾರಿನಲ್ಲಿ ಏನು ಬರೆದಿದ್ದೀರಿ ಎಂಬುದು ಮುಖ್ಯವಾಗುವುದಿಲ್ಲ, ನಿಮ್ಮ ವ್ಯವಸ್ಥೆಯ ಪ್ರತಿಯೊಂದು ನಡವಳಿಕೆಯ ಮೇಲೂ ಯಾರೋ ಒಬ್ಬರು ಅವಲಂಬಿಸಿರುತ್ತಾರೆ. ಐಡಿಇಗಳ ಮಟ್ಟಿಗೆ ಇದು ನೂರಕ್ಕೆ ನೂರು ಸತ್ಯ.

ಜಾವಾ ವೆಬ್ ಲ್ಯಾಬಿನವರಿಗೆ ಒಂದು ಮಾತು. ಟೆಕ್ಸ್ಟ್‌ಬುಕ್ಕಿನ ಸರ್ವ್ಲೆಟ್ (ವೆಬ್ ಕೋರಿಕೆಗೆ ಉತ್ತರಿಸುವ ಜಾವಾ) ಪ್ರೋಗ್ರಾಮನ್ನು ಹಾಗೇ ಬರೆದು, ಅದನ್ನು ಓಡಿಸುವ ಸರ್ವರ್ ಆದ ಟಾಮ್‌ಕ್ಯಾಟ್‌ನ ಇತ್ತೀಚಿನ ಆವೃತ್ತಿ ಇಳಿಸಿ ಓಡಿಸಿದರೆ 404 ಬರುತ್ತದೆ. ಎರರ್ ಇಲ್ಲ, ಲಾಗಿನಲ್ಲೂ ದೂರಿಲ್ಲ, ಪುಟವೇ ಇಲ್ಲ ಎನ್ನುತ್ತದೆ. 2017ರಲ್ಲಿ ಒರಾಕಲ್ ಸರ್ವ್ಲೆಟ್ ಸೇರಿದ ಜಾವಾ ಇಇ ಎಂಬ ವ್ಯವಸ್ಥೆಯನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಕೊಟ್ಟಿತು, ಆದರೆ ಪ್ಯಾಕೇಜುಗಳಿಗಿದ್ದ ಜಾವಾಎಕ್ಸ್ ಎಂಬ ಹೆಸರನ್ನು ಇಟ್ಟುಕೊಂಡು ಮುಂದಕ್ಕೆ ಬೆಳೆಸುವ ಹಕ್ಕು ಅದರ ಜತೆ ಬರಲಿಲ್ಲ. ಹಾಗಾಗಿ 2020ರ ಜಕಾರ್ತಾ ಇಇ 9ರಲ್ಲಿ ಎಲ್ಲ ಪ್ಯಾಕೇಜುಗಳ ಹೆಸರು ಜಕಾರ್ತಾ ಎಂದು ಬದಲಾಯಿತು. ಟಾಮ್‌ಕ್ಯಾಟ್ 9 ಹಳೆಯ ಹೆಸರು ಬಲ್ಲದು, 10 ಹೊಸ ಹೆಸರನ್ನು ಮಾತ್ರ. ಹಳೆಯ ಹೆಸರಿನ ಅನೊಟೇಶನ್ ಹಚ್ಚಿದ ನಿಮ್ಮ ಸರ್ವ್ಲೆಟ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಪಠ್ಯ ಹಳೆಯದಾದರೆ ಟಾಮ್‌ಕ್ಯಾಟ್ 9 ಬಳಸಿ, ಅಥವಾ ಇಂಪೋರ್ಟ್ ಸಾಲುಗಳನ್ನು ಬದಲಿಸಿ. ನಡುವಿನ ದಾರಿ ಹುಡುಕಬೇಡಿ. 2022ರ ನವೆಂಬರಿನ ಸ್ಪ್ರಿಂಗ್ ಬೂಟ್ 3 ಕೂಡ ಇದೇ ಗೆರೆಯನ್ನು ದಾಟಿದೆ, ಜತೆಗೆ ಜಾವಾ 17 ಕಡ್ಡಾಯ.

ಬೇರೆ ಕಡೆಯೂ ಇದೇ ಪಾಡು. 2021ರ ನವೆಂಬರಿನಲ್ಲಿ ಬಂದ ವಿಷುವಲ್ ಸ್ಟುಡಿಯೊ 2022 ಮೊದಲ 64 ಬಿಟ್ ಆವೃತ್ತಿ. ಅಲ್ಲಿಯವರೆಗೆ 4 ಜಿಬಿ ಮೆಮೊರಿಯ ಗೋಡೆಯೊಳಗೆ ದೊಡ್ಡ ಪ್ರಾಜೆಕ್ಟುಗಳು ಉಸಿರುಗಟ್ಟುತ್ತಿದ್ದವು, ಆದ್ದರಿಂದ ಬೇಕಾದ ಬದಲಾವಣೆಯೇ. ಆದರೆ 64 ಬಿಟ್ ಪ್ರೋಸೆಸ್ 32 ಬಿಟ್ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಅನ್ನು ತನ್ನೊಳಗೆ ಸೇರಿಸಿಕೊಳ್ಳಲಾರದು, 2019ರ ಎಕ್ಸ್‌ಟೆನ್ಶನ್‌ಗಳನ್ನು ಅವರವರು ಹೊಸದಾಗಿ ತಯಾರಿಸಬೇಕಾಯಿತು. ಫ್ಲಟರ್‌ನಲ್ಲಿ ಮೊಬೈಲ್ ಆ್ಯಪ್ ಮಾಡುವವರು 2023ರ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8ರ ನಂತರ "ನೇಮ್‌ಸ್ಪೇಸ್ ಇಲ್ಲ" ಎಂಬ ಎರರ್ ನೋಡಿರುತ್ತೀರಿ. ಅದು ಹೆಚ್ಚಾಗಿ ನಿಮ್ಮ ಆ್ಯಪಿನದ್ದಲ್ಲ, ನೀವು ಸೇರಿಸಿದ ಯಾವುದೋ ಹಳೆಯ ಪ್ಲಗಿನ್ನಿನದು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ 17ನೇ ಆವೃತ್ತಿಯಲ್ಲಿ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3 ಬಂದು ವೆಬ್‌ಪ್ಯಾಕ್ 4 ಎಂಬ ಬಿಲ್ಡ್ ಟೂಲ್ ನಿಂತದ್ದು, ಪೈಥಾನ್ 3.12 ತನ್ನ ಡಿಸ್ಟ್‌ಯುಟಿಲ್ಸ್ ಲೈಬ್ರರಿ ತೆಗೆದು ನೋಡ್‌ನ ಬಿಲ್ಡ್ ಟೂಲ್ ಆದ ಹಳೆಯ ನೋಡ್‌ಜಿಪ್ ಬಿದ್ದದ್ದು ಇದೇ ಜಾತಿಯವು.

ಸರ್ವರ್ ಇರುವ ಲ್ಯಾಬುಗಳಿಗೆ ತಟ್ಟಿದ್ದು 2024ರ ಫೆಬ್ರವರಿಯಲ್ಲಿ. ವಿಎಸ್ ಕೋಡ್ 1.86 ಬಂತು, ರಿಮೋಟ್ ಸಂಪರ್ಕಕ್ಕೆ ಆ ಕಡೆಯ ಲಿನಕ್ಸಿನಲ್ಲಿ ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯ 2.28 ಆವೃತ್ತಿ ಬೇಕೆಂದಿತು. ಉಬುಂಟು 18.04ರಲ್ಲಿ ಇರುವುದು 2.27, ಸೆಂಟ್‌ಓಎಸ್ 7ರಲ್ಲಿ 2.17. ಲ್ಯಾಪ್‌ಟಾಪಿನಲ್ಲಿ ರಾತ್ರಿ ತಾನಾಗಿ ಆದ ಅಪ್‌ಡೇಟಿನಿಂದ ಬೆಳಿಗ್ಗೆ ಸರ್ವರಿನ ಸಂಪರ್ಕ ಕಡಿಯಿತು, ಸರ್ವರನ್ನು ಯಾರೂ ಮುಟ್ಟಿರಲಿಲ್ಲ. ಗಲಾಟೆ ಎದ್ದ ಮೇಲೆ 1.86.1ರಲ್ಲಿ ಎಚ್ಚರಿಕೆಯೊಂದಿಗೆ ಕೆಲವು ಕಾಲ ಅವಕಾಶ ಕೊಟ್ಟರು. ಜನ ಹೇಳಿದರೆ ಕೇಳುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. ನೀವೂ ತೊಂದರೆಯ ವರದಿ (ಇಶ್ಯೂ) ಬರೆಯಿರಿ, ಆವೃತ್ತಿ ಸಂಖ್ಯೆಗಳನ್ನು ಸರಿಯಾಗಿ ನಮೂದಿಸಿ ಬರೆಯಿರಿ.

ಎಲ್ಲ ಬದಲಾದರೂ ಒಂದನ್ನು ಬದಲಿಸದೆ ಉಳಿಸಿಕೊಂಡ ಉದಾಹರಣೆ ನಮ್ಮ ಊರಲ್ಲೇ ಇದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ. ಫಾಂಟುಗಳ ಸಂಕೇತ ವ್ಯವಸ್ಥೆ ಬದಲಾಯಿತು, ಯೂನಿಕೋಡ್ ಬಂತು, ಹಳೆಯ ಫೈಲುಗಳನ್ನು ಓದಲು ಪರಿವರ್ತಕಗಳು ಬೇಕಾದವು. ಆ ವಿನ್ಯಾಸದಲ್ಲಿ ಬೆರಳು ಪಳಗಿದವರು ಮಾತ್ರ ಹೊಸ ತಂತ್ರಾಂಶದಲ್ಲೂ ಅದೇ ಕೀಲಿ ಒತ್ತಿ ಅದೇ ಅಕ್ಷರ ಪಡೆದರು. ಒಳಗೆ ಏನೇ ಆಗಲಿ, ಬಳಸುವವರು ಮುಟ್ಟುವ ಜಾಗವನ್ನು ಸ್ಥಿರವಾಗಿ ಇಡುವುದು ಎಂದರೆ ಇದು. ನಿಮ್ಮಲ್ಲಿ ಪ್ಲಗಿನ್ ಬರೆಯುವವರು ಇದನ್ನು ಗಮನಿಸಬೇಕು.

ಇನ್ನು ಮಾಡಬೇಕಾದ್ದು. ಹೊಸ ಐಡಿಇಯನ್ನು ಹಳೆಯದರ ಮೇಲೆ ಹಾಕಬೇಡಿ, ಪಕ್ಕದ ಫೋಲ್ಡರಿನಲ್ಲಿ ಹಾಕಿ. ಎಕ್ಲಿಪ್ಸ್ ವರ್ಕ್‌ಸ್ಪೇಸನ್ನು ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದರೆ ಅದರ ಮೆಟಾಡೇಟಾ ಬದಲಾಗುತ್ತದೆ, ಹಳೆಯದಕ್ಕೆ ಮರಳುವುದು ಕಷ್ಟ. ಆದ್ದರಿಂದ ಪ್ರತಿ ಮಾಡಿಟ್ಟು ತೆರೆಯಿರಿ. ಒಂದು ಸಲಕ್ಕೆ ಒಂದು ಪದರ ಮಾತ್ರ ಏರಿಸಿ: ಇವತ್ತು ಜೆಡಿಕೆ, ಬಿಲ್ಡ್ ಸರಿ ಇದ್ದರೆ ಕಮಿಟ್, ನಾಳೆ ಗ್ರೇಡಲ್. ಎಲ್ಲವನ್ನೂ ಒಟ್ಟಿಗೆ ಏರಿಸಿದರೆ ಬಿದ್ದದ್ದು ಯಾವುದರಿಂದ ಎಂದು ಹೇಳಲು ಯಾರಿಂದಲೂ ಆಗದು. ಬಿಲ್ಡ್ ಟೂಲಿನ ಆವೃತ್ತಿಯನ್ನು ಗುರುತಿಸಿಡುವ ಗ್ರೇಡಲ್ ಅಥವಾ ಮೇವನ್ ರ‍್ಯಾಪರನ್ನು ಗಿಟ್‌ಗೆ ಸೇರಿಸಿ, ಆಗ ತಂಡದ ನಾಲ್ವರಲ್ಲೂ ಒಂದೇ ಆವೃತ್ತಿ ಓಡುತ್ತದೆ. ಲೈಬ್ರರಿಗಳ ನಿಖರ ಆವೃತ್ತಿ ಬರೆದಿರುವ ಲಾಕ್ ಫೈಲನ್ನು ಅಳಿಸಬೇಡಿ. ಪ್ರಾಜೆಕ್ಟಿನ ರೀಡ್‌ಮಿ (README) ಎಂಬ ಫೈಲಿನಲ್ಲಿ ಐಡಿಇ, ಜೆಡಿಕೆ, ಪ್ಲಗಿನ್, ಸರ್ವರ್ ಎಲ್ಲದರ ಆವೃತ್ತಿ ಬರೆಯಿರಿ. ಬೆಳ್ತಂಗಡಿ, ಹೆಬ್ರಿ ಕಡೆಯ ಮನೆಗಳಲ್ಲಿ ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುತ್ತವೆ. ಗ್ರೇಡಲ್‌ನ ಒಂದು ಆವೃತ್ತಿ ಇಳಿಸಲು 100 ಎಂಬಿಗೂ ಹೆಚ್ಚು ಬೇಕು. ವೈವಾದ ಹಿಂದಿನ ವಾರ ಅಪ್‌ಗ್ರೇಡ್ ಬಟನ್ ಒತ್ತಲೇಬೇಡಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಪ್ರಶ್ನೆಗಳಲ್ಲಿ ಒಂದು, ಎರಡನೇ ವರ್ಷದ ವಿದ್ಯಾರ್ಥಿಯದು: "ಹಾಗಾದ್ರೆ ಆಟೊ ಅಪ್‌ಡೇಟ್ ಆಫ್ ಮಾಡಿಟ್ರೆ ಸಾಕಲ್ವಾ ಸರ್?"

ಸಾಲದು. ಅಪ್‌ಡೇಟ್‌ಗಳಲ್ಲಿ ಭದ್ರತೆಯ ದುರಸ್ತಿಗಳೂ ಬರುತ್ತವೆ, ಶಾಶ್ವತವಾಗಿ ಮುಚ್ಚಿಟ್ಟರೆ ಅವೂ ತಪ್ಪುತ್ತವೆ. ವಿಎಸ್ ಕೋಡ್‌ನಲ್ಲಿ ಒಂದೊಂದು ಎಕ್ಸ್‌ಟೆನ್ಶನ್‌ಗೆ ಬೇರೆ ಬೇರೆಯಾಗಿ ಆಟೊ ಅಪ್‌ಡೇಟ್ ನಿಲ್ಲಿಸಬಹುದು, ಹಿಂದಿನ ನಿರ್ದಿಷ್ಟ ಆವೃತ್ತಿಯನ್ನು ಹಾಕಿಕೊಳ್ಳಲೂ ಬರುತ್ತದೆ. ಪ್ರಾಜೆಕ್ಟ್ ನಿಂತಿರುವ ಒಂದೆರಡನ್ನು ಹಾಗೆ ಹಿಡಿದಿಡಿ. ಉಳಿದವು ಏರಲಿ.

ಇನ್ನೊಂದು ಉಡುಪಿಯ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಮಾಡುವವರದು: "ನಮ್ಮ ಗ್ರಾಹಕರ ಸರ್ವರ್ ಜಾವಾ 8ರಲ್ಲೇ ಇದೆ, ಬದಲಿಸಲು ಒಪ್ಪುವುದಿಲ್ಲ. ನಮಗೆ ಕೊಟ್ಟ ಹೊಸ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಹೊಸತು. ಏನು ಮಾಡುವುದು?"

ಮೇಡಂ, ನಿಮ್ಮ ಐಡಿಇ ಹೊಸದೇ ಇರಲಿ, ಪ್ರಾಜೆಕ್ಟಿಗೆ ಜೆಡಿಕೆ 8 ಬೇರೆಯಾಗಿ ಹಾಕಿ ಅದರಲ್ಲೇ ಬಿಲ್ಡ್ ಮಾಡಿ. ಹೊಸ ಜೆಡಿಕೆಯಲ್ಲೇ ಕಂಪೈಲ್ ಮಾಡಬೇಕಾದರೆ ಸೋರ್ಸ್ ಮತ್ತು ಟಾರ್ಗೆಟ್ 8 ಎಂದು ಕೊಟ್ಟು ನಿಲ್ಲಬೇಡಿ, ರಿಲೀಸ್ 8 ಎಂಬ ಆಯ್ಕೆ ಕೊಡಿ. ಮೊದಲಿನದು ಫೈಲಿನ ಸಂಖ್ಯೆಯನ್ನು 52 ಮಾಡುತ್ತದೆ, ಆದರೆ ಲೈಬ್ರರಿಯನ್ನು ಹೊಸ ಜಾವಾದಿಂದಲೇ ನೋಡುತ್ತದೆ. ಬೈಟ್‌ಬಫರ್ ಕ್ಲಾಸಿನ ಫ್ಲಿಪ್ ಮೆಥಡ್ ಇದಕ್ಕೆ ಹೆಸರಾದ ಉದಾಹರಣೆ: ಜಾವಾ 9ರಲ್ಲಿ ಅದು ಹಿಂತಿರುಗಿಸುವ ಟೈಪ್ ಬದಲಾಯಿತು, ಹಾಗಾಗಿ ನಿಮ್ಮಲ್ಲಿ ಯಾವ ದೂರೂ ಇಲ್ಲದೆ ಕಂಪೈಲ್ ಆದದ್ದು ಗ್ರಾಹಕರ ಜಾವಾ 8ರಲ್ಲಿ "ಇಂಥ ಮೆಥಡ್ ಇಲ್ಲ" ಎಂದು ಬೀಳುತ್ತದೆ. ರಿಲೀಸ್ ಆಯ್ಕೆ ಇದ್ದರೆ ಜಾವಾ 8ರ ಲೈಬ್ರರಿಯನ್ನೇ ನೋಡಿ ಕಂಪೈಲ್ ಮಾಡುತ್ತದೆ, ಈ ತೊಂದರೆ ಬರುವುದಿಲ್ಲ. ಜೆಡಿಕೆ 21ರಲ್ಲಿ ಹಾಗೆ ಕೊಟ್ಟಾಗ "8 ಹಳತಾಗಿದೆ, ಮುಂದಿನ ಆವೃತ್ತಿಯೊಂದರಲ್ಲಿ ತೆಗೆಯಲಾಗುವುದು" ಎಂಬ ಎಚ್ಚರಿಕೆ ಬರುತ್ತದೆ. ಆ ಸಾಲನ್ನು ಹಾಗೇ ನಕಲು ಮಾಡಿ, ಗ್ರಾಹಕರಿಗೆ ಕಳಿಸುವ ಮುಂದಿನ ವರದಿಯಲ್ಲಿ ಸೇರಿಸಿ.